ಅಡಿಗೆಮನೆಯ ಹಸಿರು ಪಟ್ಟಿ

12 ಜನವರಿ

ಪ್ರೀತಿಯ ತಂಗಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನೀನೂ, ನಿನ್ನ ಹಡಗೂ, ಆ ಹಡಗಿನ ಬೇಕರಿಯ ಒಲೆಗಳೂ ಸುಖವಾಗಿವೆ ಅಂದುಕೊಂಡು ಬರೆಯಲು ಕೂತಿದ್ದೇನೆ. ಭಾನುವಾರ ಫೋನಿನಲ್ಲಿ ಮಾತಾಡುತ್ತೇವಲ್ಲ, ಮತ್ತೆ ಇದೇನು ಕಾಗದ ಅಂತ ಹುಬ್ಬೇರಿಸಬೇಡ. ಫೋನು ಮಾಡಿದಾಗ ನಿನ್ನ ಗಂಡ ಪಕ್ಕದಲ್ಲೇ ಕೂತಿರುತ್ತಾನೆ. ಈಗ ಹೇಳಬೇಕಾಗಿರುವುದು ಅವನ ವಿಷಯವನ್ನೇ.

ನಿನ್ನ ಗಂಡ ಮಕ್ಕಳಿಗೆ ಸ್ಪ್ಯಾನಿಷ್ ಕಲಿಸುತ್ತಿದ್ದಾನೆ.

ಮೊದಲು ನನಗೂ ನಗು ಬಂದಿತ್ತು. ದಿನವಿಡೀ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ, ಮನೆಗೆ ಬಂದವನೇ ಸೋಫಾದ ಮೇಲೆ ಬಿದ್ದುಕೊಳ್ಳುತ್ತಿದ್ದ ಮನುಷ್ಯ. ಹೋಂವರ್ಕ್ ಮಾಡಿಸು ಅಂದರೆ ತಲೆನೋವು ಅನ್ನುತ್ತಿದ್ದವನು ಈಗ ಚಿತ್ರದ ಕಾರ್ಡುಗಳನ್ನು ಹಿಡಿದು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾನೆ. ಬಾಗಿಲು, ಕಿಟಕಿ, ಫ್ರಿಜ್ಜು, ಕನ್ನಡಿ, ಎಲ್ಲದರ ಮೇಲೂ ಚೀಟಿ. ನನ್ನ ಹೊಲಿಗೆ ಮಿಷನ್ನಿಗೂ ಅಂಟಿಸಲು ಬಂದ. ನಾನು ಕತ್ತರಿ ಎತ್ತಿದೆ, ಹಾಗೇ ಹಿಂದೆ ಸರಿದ.

ಹೋದ ವಾರ ಅಡಿಗೆಮನೆಯ ಹೊಸ್ತಿಲಿಗೆ ಅಡ್ಡಲಾಗಿ ಒಂದು ಹಸಿರು ಟೇಪು ಅಂಟಿಸಿದ.

"ಅಕ್ಕಾ, ಈ ಪಟ್ಟಿ ದಾಟಿದ್ರೆ ಒಳಗೆ ಸ್ಪ್ಯಾನಿಷ್ ಮಾತ್ರ. ಮನೇಲಿ ಚಿಕ್ಕ ಮಕ್ಕಳಿಗೆ ಹೀಗೇ ಕಲಿಸ್ಬೇಕಂತೆ. ಒಂದು ಕೋಣೆಗೆ ಒಂದು ಭಾಷೆ. ಆಗ ಅವಕ್ಕೆ ಗೊಂದಲ ಆಗಲ್ವಂತೆ."

"ನನಗೆ ಬರಲ್ವಲ್ಲಪ್ಪ?"

"ನೀವು ಸುಮ್ನಿದ್ರಾಯ್ತು ಅಕ್ಕಾ."

ನಾನು ಸುಮ್ಮನಿದ್ದರಾಯಿತಂತೆ! ನೀನು ಹಡಗು ಹತ್ತಿದಾಗ ನನ್ನ ಹೊಲಿಗೆ ಅಂಗಡಿಗೆ ಬೀಗ ಹಾಕಿ, ಮಿಷನ್ನು ಹೊತ್ತುಕೊಂಡು ಈ ಮನೆಗೆ ಬಂದವಳು ನಾನು. ಮೂರು ವರ್ಷದಿಂದ ಆ ಒಲೆಯ ಮುಂದೆ ನಿಂತವಳು ನಾನು. ಈಗ ನನ್ನ ಅಡಿಗೆಮನೆಯಲ್ಲಿ ನಾನೇ ಮೂಗಿ. ಮಕ್ಕಳಿಗೆ ಹಾಲು ಬೇಕಾ ಅಂತ ಕೇಳಬೇಕಾದರೆ ಸೌಟು ಎತ್ತಿ ತೋರಿಸುತ್ತೇನೆ. ಚೂಟಿ ಏನೋ ಅನ್ನುತ್ತಾಳೆ, ಗುಂಡ ಇನ್ನೇನೋ ಅನ್ನುತ್ತಾನೆ, ಇಬ್ಬರೂ ಕಿಸಿಕಿಸಿ ನಗುತ್ತಾರೆ. ನನ್ನನ್ನೇ ನೋಡಿ ನಗುತ್ತಾರೋ, ಬೇರೆ ಯಾವುದಕ್ಕೋ, ಒಂದೂ ಗೊತ್ತಾಗುವುದಿಲ್ಲ.

ನಾಲ್ಕು ವರ್ಷದ ಗುಂಡನಿಗೆ ಇನ್ನೂ ಚಪ್ಪಲಿಯ ಎಡಬಲ ತಿಳಿಯುವುದಿಲ್ಲ. ಅವನಿಗೆ ಯಾಕೆ ಸ್ಪ್ಯಾನಿಷ್? ನಿನ್ನ ಗಂಡನನ್ನು ಕೇಳಿದೆ. "ಮಿದುಳಿಗೆ ಒಳ್ಳೇದು" ಅಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಕನ್ನಡಕ ತೆಗೆದು ಒರೆಸುತ್ತಿದ್ದ. ಅದು ಆಗಲೇ ಸ್ವಚ್ಛವಾಗಿತ್ತು. ಏನೋ ಇದೆ. ನನ್ನ ಕೈಗೆ ಬರುವ ಬಟ್ಟೆಯನ್ನು ಯಾರಾದರೂ ಮೊದಲೇ ಬಿಚ್ಚಿ ಹೊಲಿದಿದ್ದರೆ ಮುಟ್ಟಿದ ಕೂಡಲೇ ತಿಳಿಯುತ್ತದೆ. ಇದೂ ಹಾಗೇ.

ಅಂದಹಾಗೆ ಒಂದು ತಮಾಷೆ. ಗುಂಡ ಈಗ ನಿನ್ನನ್ನು "ಫೋನಮ್ಮ" ಅನ್ನುತ್ತಾನೆ. "ಫೋನಮ್ಮ ಇವತ್ತು ಬರ್ತಾಳಾ?" ಅಂತ ಭಾನುವಾರ ಬೆಳಿಗ್ಗೆಯೇ ಶುರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ನಿನ್ನ ಅಕ್ಕ

3 ಫೆಬ್ರವರಿ

ಅಕ್ಕನಿಗೆ ನಮಸ್ಕಾರ.

ಕಾಗದ ಬಂತು. ಓದಿ ನಗು ತಡೆಯಲಾಗಲಿಲ್ಲ. ಸೌಟು ಎತ್ತಿ ತೋರಿಸುವ ನಿನ್ನ ಚಿತ್ರ ಕಣ್ಣ ಮುಂದೆಯೇ ಇದೆ.

ನೀನು ಸುಮ್ಮನೆ ತಲೆಗೆ ಹುಳ ಬಿಟ್ಟುಕೊಳ್ಳಬೇಡ ಅಕ್ಕಾ. ಅವರಿಗೆ ಹೊಸದೊಂದು ಹುಚ್ಚು ಹಿಡಿದಿದೆ ಅಷ್ಟೆ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಮಕ್ಕಳ ಜೊತೆ ಕೂರುತ್ತಿದ್ದಾರೆ. ಕೂತುಕೊಳ್ಳಲಿ ಬಿಡು. ಚಿಕ್ಕ ವಯಸ್ಸಿನಲ್ಲಿ ನಾಲಿಗೆ ಬೇಗ ಹೊರಳುತ್ತದಂತೆ. ಚೂಟಿಗೆ ಈಗ ಆರು, ಇನ್ನು ಸ್ವಲ್ಪ ದಿನ ಬಿಟ್ಟರೆ ಅವಳಿಗೂ ಕಷ್ಟವೇ.

ಗುಂಡ ಎಷ್ಟು ಮಾತು ಕಲಿತಿದ್ದಾನೆ? ಬಾತ್‌ರೂಮಿಗೆ ಹೋಗಬೇಕು ಅಂತ ಹೇಳಲು ಬರುತ್ತದಾ? ತನ್ನ ಹೆಸರು ಹೇಳುತ್ತಾನಾ? ಚೂಟಿ ಇಪ್ಪತ್ತರವರೆಗೆ ಎಣಿಸುತ್ತಾಳಾ?

ಇಲ್ಲಿ ಎಂದಿನ ಹಾಗೆ. ನಸುಕಿನಲ್ಲಿ ಎದ್ದು ಹಿಟ್ಟು ನಾದುವುದು, ಬನ್ನು ಬೇಯಿಸುವುದು, ಟ್ರೇ ತೊಳೆಯುವುದು. ಬೆರಳ ಸಂದಿಯಲ್ಲಿ ಹಿಟ್ಟು ಸದಾ ಇರುತ್ತದೆ. ಮಕ್ಕಳು ನೆನಪಾದಾಗ ಒಂದು ಬನ್ನಿಗೆ ಕಣ್ಣು ಮೂಗು ಮಾಡುತ್ತೇನೆ, ಆಮೇಲೆ ನಾನೇ ತಿನ್ನುತ್ತೇನೆ.

ಫೋನಮ್ಮ ಅನ್ನುತ್ತಾನಾ? ಚೆನ್ನಾಗಿದೆ.

ನಿನ್ನ ತಂಗಿ

20 ಫೆಬ್ರವರಿ

ತಂಗೀ,

ನೀನು ನಗುತ್ತಿರು. ಇಲ್ಲಿ ವಿಷಯ ಚೀಟಿ, ಟೇಪು ದಾಟಿ ಮುಂದೆ ಹೋಗಿದೆ.

ಈಗ ಶನಿವಾರ ಶನಿವಾರ ಒಬ್ಬಳು ಬರುತ್ತಾಳೆ. ಮಕ್ಕಳಿಗೆ ಸ್ಪ್ಯಾನಿಷ್ ಹೇಳಿಕೊಡುವ ಮೇಡಂ ಅಂತೆ. ನಲವತ್ತರ ಆಸುಪಾಸು, ಕತ್ತರಿಸಿದ ಕೂದಲು, ದೊಡ್ಡ ಚೀಲ. ಚೀಲದಿಂದ ಮೊಲದ ಗೊಂಬೆ ತೆಗೆದು ಕೈಗೆ ತೊಟ್ಟು ಅದರ ಬಾಯಲ್ಲಿ ಮಾತಾಡಿಸುತ್ತಾಳೆ. ನಾನು ಅವಳಿಗೆ ಗೊಂಬೆ ಮೇಡಂ ಅಂತ ಹೆಸರಿಟ್ಟಿದ್ದೇನೆ. ಪಾಠ ನಡೆಯುವುದು ಎಲ್ಲಿ? ಹಸಿರು ಪಟ್ಟಿಯ ಆಚೆ. ಮಕ್ಕಳಿಬ್ಬರು, ಗೊಂಬೆ ಮೇಡಂ, ನಿನ್ನ ಗಂಡ, ಮೊಲ. ಈಚೆ ನಾನೊಬ್ಬಳೇ, ಯಾರದೋ ಪ್ಯಾಂಟಿನ ಜಿಪ್ಪು ಬಿಚ್ಚುತ್ತಾ ಕೂತಿರುತ್ತೇನೆ.

ಒಳಗಿನಿಂದ ನಗು ಬರುತ್ತದೆ. ಮಕ್ಕಳದ್ದಾದರೆ ನನಗೂ ಸಂತೋಷ. ನಿನ್ನ ಗಂಡನ ನಗು ಅದು. ಈ ಮನೆಯಲ್ಲಿ ಅವನು ಹಾಗೆ ನಕ್ಕಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಮಿಷನ್ನು ನಿಲ್ಲಿಸಿ ಕಿವಿಗೊಟ್ಟರೆ ಅವರೂ ಮಾತು ನಿಲ್ಲಿಸುತ್ತಾರೆ. ಓಡಿಸಿದರೆ ಮತ್ತೆ ಶುರು. ಹಾಗಾಗಿ ಈಗ ಬಟ್ಟೆಯೇ ಇಲ್ಲದೆ ಖಾಲಿ ಮಿಷನ್ನು ತುಳಿಯುತ್ತಾ ಕೇಳಿಸಿಕೊಳ್ಳುತ್ತೇನೆ. ಕೇಳಿಸಿಕೊಂಡು ಏನು ಬಂತು? ಒಂದು ಅಕ್ಷರ ಅರ್ಥವಾದರೆ ತಾನೇ!

ಇನ್ನೊಂದು ಗಮನಿಸಿದೆಯಾ? ಭಾನುವಾರದ ನಿನ್ನ ಫೋನು ಈಗ ಅಡಿಗೆಮನೆಗೆ ಹೋಗಿದೆ. ಮೊದಲು ಹಾಲಿನಲ್ಲಿ ಎಲ್ಲರೂ ಸುತ್ತ ಕೂತು ಮಾತಾಡುತ್ತಿದ್ದೆವು. ಈಗ ಅವನು ಫೋನು ಹಿಡಿದು ಒಳಗೆ ಹೋಗುತ್ತಾನೆ, ಮಕ್ಕಳು ಹಿಂದೆ ಓಡುತ್ತವೆ. ಎಲ್ಲ ಮುಗಿದ ಮೇಲೆ ಪಟ್ಟಿಯ ಮೇಲಿಂದ ಕೈ ಚಾಚಿ ನನಗೆ ಕೊಡುತ್ತಾನೆ. ಅಷ್ಟರಲ್ಲಿ ನಿನಗೆ ಹಿಟ್ಟು ನಾದುವ ಹೊತ್ತಾಗಿರುತ್ತದೆ.

ಬಾಯಿಬಿಟ್ಟು ಹೇಳುತ್ತೇನೆ. ನನಗೆ ಹೆದರಿಕೆ. ನಿನ್ನ ಗಂಡ ಆ ಹೆಂಗಸಿನ ಜೊತೆ ಸೇರಿ ಮಕ್ಕಳನ್ನು ಎಲ್ಲಿಗೋ ಕರೆದುಕೊಂಡು ಹೋಗುವ ತಯಾರಿಯಲ್ಲಿದ್ದಾನೆ. ಇಲ್ಲದಿದ್ದರೆ ಆರು ವರ್ಷದ ಹುಡುಗಿಗೆ, ಹಾದಿ ತಪ್ಪಿದರೆ ಏನು ಹೇಳಬೇಕು ಅಂತ ಯಾರಾದರೂ ಕಲಿಸುತ್ತಾರಾ? ಚೂಟಿಯೇ ಹೇಳಿದ್ದು, ಅದು ಹೋದ ಶನಿವಾರದ ಪಾಠವಂತೆ. ಹಾದಿ ಯಾಕೆ ತಪ್ಪಬೇಕು? ಶಾಲೆ ನಮ್ಮ ಬೀದಿಯ ತುದಿಯಲ್ಲಿದೆ.

ಬೆಳಿಗ್ಗೆ ಎದ್ದಾಗ ಆ ಮಂಚದ ಮೇಲೆ ಎರಡು ತಲೆ ಕಾಣದಿದ್ದರೆ ನಾನು ಬದುಕುವುದಿಲ್ಲ. ನೀನು ಕೂಡಲೇ ಏನಾದರೂ ಮಾಡು. ಅವನನ್ನು ನೇರವಾಗಿ ಕೇಳು.

ಇಂತಿ, ನಿದ್ದೆಗೆಟ್ಟ ಅಕ್ಕ

15 ಮಾರ್ಚ್

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಎರಡೆರಡು ಸಲ ಓದಿದೆ. ಅಂಥದ್ದೇನೂ ಇಲ್ಲ ಅಕ್ಕಾ. ಮೇಡಂ ಒಳ್ಳೆಯವರೇ ಇರಬೇಕು. ಮಕ್ಕಳಿಗೆ ಪಾಠ ಹೇಳುವವರು ಸ್ವಲ್ಪ ನಗಿಸಬೇಕಾಗುತ್ತದೆ. ಅವರ ಮುಂದೆ ಮುಖ ಗಂಟು ಹಾಕಿಕೊಂಡಿರಬೇಡ, ಬಂದಾಗ ಒಂದು ಲೋಟ ಚಹಾ ಕೊಡು.

ಚೂಟಿ ಇಪ್ಪತ್ತರವರೆಗೆ ಎಣಿಸುತ್ತಾಳಾ ಅಂತ ಕೇಳಿದ್ದೆ, ನೀನು ಬರೆಯಲೇ ಇಲ್ಲ.

ಇನ್ನೊಂದು ಕೆಲಸ. ಮಕ್ಕಳಿಗೆ ಬಟ್ಟೆ ತೆಗೆದುಕೊಳ್ಳೋಣ ಅಂತಿದ್ದೇನೆ. ಇಬ್ಬರ ಅಳತೆ ಬರೆದು ಕಳಿಸು. ಎದೆ, ಸೊಂಟ, ತೋಳು, ಕುತ್ತಿಗೆಯ ಸುತ್ತು. ಚೂಟಿಗೆ ಭುಜದಿಂದ ಮಂಡಿಯವರೆಗೆ, ಗುಂಡನಿಗೆ ಸೊಂಟದಿಂದ ಮಂಡಿಯವರೆಗೆ. ಸರಿಯಾಗಿ ಅಳೆ, ಒಂದು ಬೆರಳೂ ಹೆಚ್ಚು ಕಡಿಮೆ ಆಗಬಾರದು.

ನಿನ್ನ ಕಾಲು ನೋವು ಹೇಗಿದೆ? ಅಷ್ಟೊಂದು ಹೊತ್ತು ಮಿಷನ್ನು ತುಳಿಯಬೇಡ. ಖಾಲಿ ಮಿಷನ್ನಂತೂ ಬೇಡವೇ ಬೇಡ.

ನಿನ್ನ ತಂಗಿ

2 ಏಪ್ರಿಲ್

ತಂಗೀ,

ಗಂಡ ಬೇರೊಬ್ಬಳ ಜೊತೆ ನಗುತ್ತಾನೆ, ಮಕ್ಕಳನ್ನು ಹೊತ್ತೊಯ್ಯುವ ಹಾಗಿದ್ದಾನೆ ಅಂತ ಅಕ್ಕ ಎದೆ ಬಡಿದುಕೊಂಡು ಬರೆದರೆ, ನೀನು ಅವಳಿಗೆ ಚಹಾ ಕೊಡು ಅನ್ನುತ್ತೀಯ. ಮಗಳು ಇಪ್ಪತ್ತರವರೆಗೆ ಎಣಿಸುತ್ತಾಳಾ ಅಂತ ಕೇಳುತ್ತೀಯ. ಹೆಂಡತಿಯಾದವಳು ಹೀಗೆ ಬರೆಯುವುದಿಲ್ಲ. ನಿನಗೆ ಚಿಕ್ಕಂದಿನಿಂದ ನಾನು ನಿನ್ನ ಪೆನ್ಸಿಲ್ ಮುಟ್ಟಿದರೂ ಹೊಟ್ಟೆಕಿಚ್ಚು. ಗಂಡನ ವಿಷಯದಲ್ಲಿ ಮಾತ್ರ ಇಷ್ಟು ಉದಾರಿ ಯಾವಾಗ ಆದೆ?

ಇರಲಿ. ಚಹಾ ಕೊಟ್ಟೆ. ಶನಿವಾರ ನಿನ್ನ ಗಂಡ ಅಂಗಡಿಯಿಂದ ಬರುವುದು ತಡವಾಯಿತು. ಮಕ್ಕಳು ಕೈ ತೊಳೆಯಲು ಹೋಗಿದ್ದವು. ಗೊಂಬೆ ಮೇಡಂ ನನ್ನ ಮಿಷನ್ನಿನ ಪಕ್ಕದ ಸ್ಟೂಲಿನಲ್ಲಿ ಲೋಟ ಹಿಡಿದು ಕೂತಳು. ಇದೇ ಸಮಯ ಅಂತ ಕೇಳಿಯೇಬಿಟ್ಟೆ.

"ನೋಡಿ, ಸುತ್ತಿ ಬಳಸಿ ಮಾತಾಡೋಕೆ ನನಗೆ ಬರಲ್ಲ. ನಿಮ್ಮ ಮನಸ್ಸಲ್ಲಿ ಏನಿದೆ?"

"ಈಗಲಾ? ಮಂಡಿ ನೋವಿದೆ. ನೆಲದ ಮೇಲೆ ಕೂತೂ ಕೂತೂ."

"ಮಕ್ಕಳ ಅಪ್ಪ ನಿಮ್ಮ ಮುಂದೆ ತುಂಬಾ ನಗ್ತಾರೆ."

ಅವಳು ಚಹಾ ಚೆಲ್ಲುವಷ್ಟು ನಕ್ಕಳು. "ಅಯ್ಯೋ, ಅವರ ಉಚ್ಚಾರಣೆ ಕೇಳಿದ್ರೆ ಮೊಲಕ್ಕೂ ನಗು ಬರುತ್ತೆ. ನಾಚಿಕೆ ಮುಚ್ಚಿಕೊಳ್ಳೋಕೆ ಅವರೂ ನಗ್ತಾರೆ. ನನ್ನ ಗಂಡ ಕೆಳಗೆ ಸ್ಕೂಟರಲ್ಲೇ ಕಾಯ್ತಾ ಇರ್ತಾರೆ ಅಕ್ಕಾ, ಕಿಟಕೀಲಿ ನೋಡಿ."

ನೋಡಿದೆ. ಹೆಲ್ಮೆಟ್ಟಿನೊಳಗೇ ಆಕಳಿಸುತ್ತಾ ಒಬ್ಬ ನಿಜವಾಗಿಯೂ ಕೂತಿದ್ದ. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೂ ಬಿಡಲಿಲ್ಲ. "ನಿಮ್ಮನ್ನ ಗೊತ್ತು ಮಾಡಿದ್ದು ಯಾರು?" ಅಂತ ಕೇಳಿದೆ.

"ಮಕ್ಕಳ ಅಮ್ಮ. ಡಿಸೆಂಬರಲ್ಲೇ ಫೋನ್ ಮಾಡಿದ್ರು. ಯಾಕೆ, ನಿಮಗೆ ಹೇಳಿಲ್ವಾ?"

ಇಲ್ಲ ಮೇಡಂ, ನನಗೆ ಹೇಳಿಲ್ಲ.

ಎದ್ದು ಹೋಗುವಾಗ ಅವಳೇ ಇನ್ನೊಂದು ಮಾತು ಹೇಳಿದಳು. ಚೂಟಿ ಪ್ರತಿ ವಾರ ಪಾಠದಲ್ಲಿಲ್ಲದ ಪದಗಳನ್ನು ಕೇಳುತ್ತಾಳಂತೆ. ಕತ್ತರಿ, ಸೂಜಿ, ದಾರ, ಗುಂಡಿ. "ಈ ವಯಸ್ಸಿನ ಮಕ್ಕಳು ಐಸ್‌ಕ್ರೀಮಿಗೆ ಏನಂತಾರೆ ಅಂತ ಕೇಳ್ತಾರೆ. ಇವಳು ಹೊಲಿಗೆ ಸಾಮಾನು ಕೇಳ್ತಾಳೆ. ಯಾಕೆ ಅಂದ್ರೆ ಬಾಯಿ ಬಿಡಲ್ಲ."

ಆ ಹುಡುಗಿಗೂ ಗುಟ್ಟು! ಈ ಮನೆಯಲ್ಲಿ ಗುಟ್ಟಿಲ್ಲದವಳು ನಾನೊಬ್ಬಳೇ ಅನ್ನಿಸುತ್ತದೆ.

ಆಮೇಲೆ ಒಂದೊಂದೇ ಹೊಳೆಯಿತು. ನಿನ್ನ ಕಾಗದಗಳ ಸ್ಟಾಂಪುಗಳನ್ನು ಗುಂಡನಿಗಾಗಿ ನೀರಲ್ಲಿ ನೆನೆಸಿ ಬಿಡಿಸಿಡುತ್ತೇನೆ. ಮೊದಲೆಲ್ಲ ಒಂದೊಂದರ ಮೇಲೆ ಒಂದೊಂದು ಚಿತ್ರ, ಒಂದೊಂದು ದೇಶ. ಹೊಸ ವರ್ಷದ ಕಾರ್ಡಿನ ಮೇಲೆ ಹಳದಿ ಕೊಕ್ಕಿನ ನೀಲಿ ಹಕ್ಕಿ. ಫೆಬ್ರವರಿಯಲ್ಲೂ ಅದೇ ಹಕ್ಕಿ. ಮಾರ್ಚಿನಲ್ಲೂ ಅದೇ. "ಈ ಹಕ್ಕಿ ಸಾಕು ದೊಡ್ಡಮ್ಮ, ಬೇರೆ ಕೊಡು" ಅಂತ ಗುಂಡ ಹಟ ಮಾಡಿದ. ಅದೇನು ತಂಗೀ, ನಿನ್ನ ಹಡಗು ಲಂಗರು ಹಾಕಿ ನಿದ್ದೆ ಮಾಡುತ್ತಿದೆಯಾ?

ಕೇಳಿದ ಅಳತೆ ಹಿಂದಿನ ಪುಟದಲ್ಲಿದೆ. ಪ್ರೀತಿಗೆ ಕೊಡಿಸುವ ಬಟ್ಟೆಗೆ ಯಾರೂ ಕುತ್ತಿಗೆಯ ಸುತ್ತು ಕೇಳುವುದಿಲ್ಲ. ಹುಡುಗಿಗೆ ಭುಜದಿಂದ ಮಂಡಿ, ಹುಡುಗನಿಗೆ ಸೊಂಟದಿಂದ ಮಂಡಿ, ಕಾಲರಿಗೆ ಕುತ್ತಿಗೆ. ಇದು ಶಾಲೆಯ ಯೂನಿಫಾರ್ಮಿನ ಅಳತೆ. ನಾನು ಇಂಥವನ್ನು ರಾಶಿ ರಾಶಿ ಹೊಲಿದವಳು.

ಇಷ್ಟು ದಿನ ನಿನ್ನ ಗಂಡನ ಮೇಲಿದ್ದ ಅನುಮಾನವನ್ನು ಎಲ್ಲಿಗೆ ಕಳಿಸಲಿ, ನೀನೇ ಹೇಳು.

ನಿನ್ನ ಅಕ್ಕ

30 ಏಪ್ರಿಲ್

ತಂಗೀ,

ಉತ್ತರ ಬರಲಿಲ್ಲ. ಹೋದ ಮೂರು ಭಾನುವಾರ ಪಟ್ಟಿಯ ಮೇಲಿಂದ ಫೋನು ನನ್ನ ಕೈಗೆ ಬರುವಷ್ಟರಲ್ಲಿ ಕಟ್ಟಾಗಿರುತ್ತದೆ. ನಿನ್ನ ಗಂಡ ಅತಿ ವಿನಯದಿಂದ ಓಡಾಡುತ್ತಿದ್ದಾನೆ, ನಾನು ಕೇಳದೆಯೇ ನನ್ನ ಮಿಷನ್ನಿಗೆ ಎಣ್ಣೆ ಬಿಟ್ಟಿದ್ದಾನೆ.

ಈಗ ನಾನು ಮಾಡುತ್ತಿದ್ದ ಒಂದು ಕಳ್ಳಕೆಲಸ ಹೇಳುತ್ತೇನೆ, ಕೇಳು. ಫೆಬ್ರವರಿಯಿಂದಲೇ ನಾನು ಸ್ಪ್ಯಾನಿಷ್ ಕಲಿಯುತ್ತಿದ್ದೆ. ಅವರೆಲ್ಲ ಪಟ್ಟಿಯ ಆಚೆ ಏನು ಹಂಚಿಕೆ ಹಾಕುತ್ತಾರೆ ಅಂತ ತಿಳಿಯಬೇಕಿತ್ತು. ಚೂಟಿ ಶಾಲೆಯಿಂದ ಬಂದು ಮಿಷನ್ನಿನ ಕೆಳಗೆ ಕೂತು ಚಿಂದಿ ಬಟ್ಟೆ ಆರಿಸುತ್ತಾಳಲ್ಲ, ಆಗ ಅವಳ ಬಾಯಿಂದ ಉಪಾಯವಾಗಿ ಪದ ತೆಗೆಯುತ್ತಿದ್ದೆ. ನಾನೇ ತೆಗೆಯುತ್ತಿದ್ದೇನೆ ಅಂದುಕೊಂಡಿದ್ದೆ. ನಿಜವಾಗಿ ಅವಳು ನನಗೆ ಪಾಠ ಮಾಡುತ್ತಿದ್ದಳು.

ಕತ್ತರಿಗೆ ತಿಹೇರಾಸ್. ಸೂಜಿಗೆ ಅಗೂಹಾ. ದಾರಕ್ಕೆ ಈಲೋ. ಗುಂಡಿಗೆ ಬೋತೋನ್. ತಪ್ಪಿದರೆ ಮೊಣಕಾಲಿಗೆ ಒಂದು ಏಟು ಕೊಡುತ್ತಿದ್ದಳು. ನಾನೂ ಗೂಢಚಾರಿಕೆಯ ಹುಮ್ಮಸ್ಸಿನಲ್ಲಿ ಉರು ಹೊಡೆಯುತ್ತಿದ್ದೆ.

ಮೊನ್ನೆ ಮೂವತ್ತರ ಮೇಲೆ ಎಣಿಸುವಾಗ ತಡವರಿಸಿದೆ. ಕೆಲಸ ತುಂಬಾ ಇತ್ತು, "ಸಾಕು ಬಿಡೇ, ನಾಳೆ ಕಲಿಯೋಣ" ಅಂದೆ. ಮಿಷನ್ನಿನ ಕೆಳಗಿಂದ ಮೂಗೆಳೆಯುವ ಸದ್ದು. ಬಗ್ಗಿ ನೋಡಿದರೆ ಅಳುತ್ತಿದ್ದಾಳೆ.

"ಬೇಗ ಕಲಿ ದೊಡ್ಡಮ್ಮಾ. ಇಲ್ಲಾಂದ್ರೆ ನಿನ್ನ ಬಿಟ್ಟು ಹೋಗ್ಬೇಕಾಗುತ್ತೆ."

"ಎಲ್ಲಿಗೆ ಪುಟ್ಟಾ?"

"ಅಮ್ಮನ ಮನೆಗೆ. ಬೇಕರಿ ಮೇಲೆ ಎರಡು ರೂಮಿದೆ. ಚೆನ್ನಾಗಿ ಮಾತಾಡೋಕೆ ಬಂದ್ಮೇಲೆ ಹೋಗೋದು ಅಂತ ಅಪ್ಪ ಹೇಳಿದ್ರು. ನಿನಗೆ ಹೇಳ್ಬಾರ್ದಂತೆ. ಆದ್ರೆ ನಿನಗೆ ಮಾತಾಡೋಕೇ ಬರಲ್ವಲ್ಲ, ಮತ್ತೆ ನೀನು ಹೇಗೆ ಬರ್ತೀಯ? ಅದಕ್ಕೇ ನಾನು ನಿನಗೆ ಹೊಲಿಗೇದು ಮೊದ್ಲು ಹೇಳಿಕೊಟ್ಟಿದ್ದು. ಅಲ್ಲಿ ಅಂಗಡಿ ಇಡ್ಬೋದು ನೀನು."

ತಂಗೀ, ಆ ಆರು ವರ್ಷದ ಕೂಸು ನಿಮ್ಮ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು, ಅದರ ಜೊತೆಗೆ ನನ್ನನ್ನೂ ಪಾಸು ಮಾಡಿಸಲು ಮೂರು ತಿಂಗಳು ಒದ್ದಾಡಿದೆ. ನಾನು ಅವಳನ್ನು ಎತ್ತಿಕೊಂಡೆ.

ನಿಮ್ಮ ಎರಡು ರೂಮಿನಲ್ಲಿ ನನಗೆ ಜಾಗವಿದೆಯಾ? ಇದ್ದಿದ್ದರೆ ನನ್ನ ಅಳತೆಯನ್ನೂ ಕೇಳಿರುತ್ತಿದ್ದೆ.

ಸಹಿ ಹಾಕಲೂ ಮನಸ್ಸಿಲ್ಲ. ಅಕ್ಕ.

18 ಮೇ

ಅಕ್ಕಾ,

ಎಷ್ಟು ಸಲ ಬರೆಯಲು ಕೂತೆನೋ. ಈಗ ಪೂರ್ತಿ ಹೇಳುತ್ತೇನೆ.

ಹಡಗು ಬಿಟ್ಟು ಆರು ತಿಂಗಳಾಯಿತು. ಈಗ ನಾನಿರುವುದು ಸ್ಪ್ಯಾನಿಷ್ ಮಾತಾಡುವ ಒಂದು ಊರಿನಲ್ಲಿ, ಬಂದರಿನ ಹಿಂದಿನ ಬೀದಿ. ಬೇಕರಿಯ ಯಜಮಾನತಿ ನನ್ನ ಕೈಕೆಲಸ ನೋಡಿ ಇಲ್ಲೇ ಇರು ಅಂದಳು, ಮೇಲಿನ ಎರಡು ರೂಮು ಕೊಟ್ಟಳು. ಹಡಗಿನ ಕಂಪನಿಯ ಆಫೀಸಿಗೆ ಹೇಳಿ ನಿನ್ನ ಕಾಗದ ಇಲ್ಲಿಗೆ ಬರುವ ಹಾಗೆ ಮಾಡಿಕೊಂಡೆ. ಇವರಿಗೂ ಇಲ್ಲಿನ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ ಸಿಗುವ ಹಾಗಿದೆ. ಮಕ್ಕಳ ಶಾಲೆ ಸೆಪ್ಟೆಂಬರಿನಲ್ಲಿ ಶುರು.

ನಿನ್ನನ್ನು ಕರೆಸುವುದಕ್ಕೆ ಕೇಳಿದೆ. ಗಂಡ, ಹೆಂಡತಿ, ಮಕ್ಕಳು, ಅಷ್ಟಕ್ಕೇ ಇಲ್ಲಿನ ಕಾನೂನು ಸಂಸಾರ ಅನ್ನುತ್ತದೆ. ವೀಸಾ ಆಫೀಸಿನ ಕಿಟಕಿಯ ಆಚೆ ಕೂತವನು "ಅಕ್ಕ ಅಂದ್ರೆ ಬೇರೆ ಮನೆ" ಅಂದ. ಮಕ್ಕಳನ್ನು ಸಾಕಿದವಳು ಅಂದೆ. ಅದಕ್ಕೆ ಅವನು ಭುಜ ಕುಣಿಸಿದ. ಬೇಕಾದರೆ ನೆಂಟಳಾಗಿ ಬಂದು ಕೆಲವು ವಾರ ಇದ್ದು ಹೋಗಬಹುದಂತೆ.

ಇದನ್ನು ಮೊದಲೇ ಯಾಕೆ ಹೇಳಲಿಲ್ಲ? ನೀನು ಅತ್ತರೆ ನಾನು ಸೋಲುತ್ತೇನೆ ಅಂತ. ಆದರೆ ಅದು ಅರ್ಧ ಸತ್ಯ ಅಕ್ಕಾ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ.

ನನಗೆ ನಿನ್ನ ಮೇಲೆ ಹೊಟ್ಟೆಕಿಚ್ಚು. ನೀನು ಬರೆದದ್ದು ನಿಜ, ಪೆನ್ಸಿಲಿನ ಕಾಲದಿಂದಲೂ ಇದೆ. ಗುಂಡನಿಗೆ ಜ್ವರ ಬಂದರೆ ನೀನು, ಹಲ್ಲು ಬಂದರೆ ನೀನು, ಅವನ ಮೊದಲ ಮಾತೂ ದೊಡ್ಡಮ್ಮ. ಅವನು ಫೋನಮ್ಮ ಅನ್ನುತ್ತಾನೆ ಅಂತ ನೀನು ಬರೆದೆ, ನೀವೆಲ್ಲ ನಕ್ಕಿರಿ. ನಾನು ಹಿಟ್ಟಿನ ಮೂಟೆಗಳ ಮಧ್ಯೆ ಕೂತು ಅತ್ತೆ. ಅವನನ್ನು ಇಲ್ಲಿಗೆ ಕರೆತಂದರೆ ನಿನ್ನನ್ನೇ ಕೇಳಿಕೊಂಡು ಅಳುತ್ತಾನೆ ಅನ್ನುವ ಭಯ ಮೊದಲಿಂದಲೂ ಇತ್ತು. ಹಾಗಾಗಿ ಈ ಹೊಸ ಭಾಷೆಯಲ್ಲಾದರೂ ಅವನ ಮೊದಲ ಮಾತುಗಳು ನನ್ನ ಜೊತೆ ಆಗಲಿ ಅಂತ ಆಸೆಪಟ್ಟೆ. ಹಸಿರು ಪಟ್ಟಿ ಇವರದ್ದಲ್ಲ, ನನ್ನದು. ಅದನ್ನು ಅಡಿಗೆಮನೆಗೇ ಹಾಕಿ ಅಂತ ಹೇಳಿದವಳೂ ನಾನೇ. ಅದು ನಿನ್ನ ಕೋಣೆ ಅಂತ ನನಗೆ ಗೊತ್ತಿತ್ತು.

ಚೂಟಿ ನಿನಗೆ ಕಲಿಸುತ್ತಿದ್ದಳು ಅಂತ ಓದಿದಾಗ ಕೈಯಲ್ಲಿದ್ದ ಟ್ರೇ ಕೆಳಗಿಟ್ಟುಬಿಟ್ಟೆ. ಯಜಮಾನತಿ ಏನಾಯಿತು ಅಂತ ಕೇಳಿದಳು. ಇಷ್ಟು ಸ್ಪ್ಯಾನಿಷ್ ಕಲಿತರೂ ಅದನ್ನು ಹೇಳಲು ಮಾತು ಸಿಗಲಿಲ್ಲ.

ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ನಿನ್ನ ತಂಗಿ

9 ಜೂನ್

ತಂಗೀ,

ಬೈಯಲು ಪೆನ್ನು ತೆಗೆದುಕೊಂಡು ಒಂದು ವಾರವಾಯಿತು. ನಿನ್ನ ಗಂಡ ಮಿಷನ್ನಿನ ಮುಂದೆ ಬಂದು ನಿಂತು, "ತಪ್ಪಾಯ್ತು ಅಕ್ಕಾ" ಅಂದ. "ನಿಮ್ಮ ಮನೇಲಿ ಯಾವ ಕೋಣೇಲಿ ನಿಂತು ಯಾವ ಭಾಷೇಲಿ ಬೈಬೇಕು, ಅದನ್ನ ಮೊದ್ಲು ಹೇಳಪ್ಪ" ಅಂದೆ. ಅವನ ಮುಖ ನೋಡಿ ನನಗೇ ಪಾಪ ಅನ್ನಿಸಿತು. ಅವನನ್ನು ಸುಮ್ಮನೆ ಅನುಮಾನಿಸಿದ್ದೆ. ಗುಟ್ಟು ಮಾಡಿದ್ದೂ ಪಟ್ಟಿ ಹಾಕಿಸಿದ್ದೂ ನೀನಾದ್ದರಿಂದ ಅವನು ಬೈಗುಳದಿಂದ ತಪ್ಪಿಸಿಕೊಂಡ.

ನಿನ್ನ ಹೊಟ್ಟೆಕಿಚ್ಚಿನ ವಿಷಯ ಬರೆದೆಯಲ್ಲ, ಒಂದು ಸಂಗತಿ ಕೇಳು. ಮೊನ್ನೆ ಗುಂಡನ ಬೆರಳು ನನ್ನ ಮಿಷನ್ನಿನ ಡ್ರಾಯರಿಗೆ ಸಿಕ್ಕಿಕೊಂಡಿತು. ಅಡಿಗೆಮನೆಯಲ್ಲಲ್ಲ, ಹಾಲಿನಲ್ಲಿ. ಓಡಿಹೋಗಿ ಬೆರಳು ಬಿಡಿಸಿ ಎತ್ತಿಕೊಂಡೆ. ನನ್ನ ಕುತ್ತಿಗೆಗೆ ಜೋತುಬಿದ್ದು ಅವನು ಕೂಗಿದ್ದು "ಮಮಾ" ಅಂತ. ಸ್ಪ್ಯಾನಿಷಿನಲ್ಲಿ ಅಮ್ಮ, ನೀನು ಫೋನಿನಲ್ಲಿ ಕಲಿಸಿದ ಮಾತು. ನನ್ನ ತೋಳಿನಲ್ಲಿದ್ದುಕೊಂಡೇ ನಿನ್ನನ್ನು ಕರೆದ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ನಿನ್ನ ಹಿಟ್ಟಿನ ಮೂಟೆಗಳ ಪಕ್ಕ ಬಂದು ಕೂತ ಹಾಗಾಯಿತು. ಆದರೆ ಇವನು ಅಲ್ಲಿ ಬಿದ್ದರೆ ಯಾರನ್ನು ಕೂಗುತ್ತಾನೆ ಅನ್ನುವ ಚಿಂತೆಯೂ ಅವತ್ತೇ ಕಳೆಯಿತು.

ಯೂನಿಫಾರ್ಮು ಅಲ್ಲಿ ಕೊಳ್ಳಬೇಡ. ಬಣ್ಣ ಯಾವುದು ಅಂತ ಬರೆದು ತಿಳಿಸು, ನಾನೇ ಹೊಲಿಯುತ್ತೇನೆ. ಅಂಚಿನಲ್ಲಿ ಎರಡು ವರ್ಷದ ಬೆಳವಣಿಗೆ ಮಡಚಿಡುತ್ತೇನೆ. ಒಂದೊಂದು ಮಡಿಕೆ ಬಿಚ್ಚುವಾಗಲೂ ನೀನು ನನ್ನನ್ನು ನೆನೆಯಲೇಬೇಕು.

ಮಕ್ಕಳನ್ನು ಕರೆದೊಯ್ಯಲು ನೀನೇ ಬಾ. ಗಂಡನ ಜೊತೆ ಸಾಮಾನಿನ ಹಾಗೆ ಕಳಿಸಿಕೊಡು ಅಂದರೆ ಕಳಿಸುವುದಿಲ್ಲ.

ಬಂದಾಗ ಚೂಟಿಗೆ ಒಂದು ಮಾತು ನೀನೇ ಹೇಳಬೇಕು. ನಾನು ಈಗ ನೂರರವರೆಗೆ ತಪ್ಪಿಲ್ಲದೆ ಎಣಿಸುತ್ತೇನೆ. ನಿನ್ನೆ ಪರೀಕ್ಷೆ ಆಯಿತು. ಗೊಂಬೆ ಮೇಡಂ ಬಳಿಯಿಂದ ನಕ್ಷತ್ರದ ಸ್ಟಿಕ್ಕರ್ ತಂದು ನನ್ನ ಹಣೆಗೆ ಅಂಟಿಸಿ, "ಪಾಸಾದೆ ದೊಡ್ಡಮ್ಮಾ, ಇನ್ನು ನೀನೂ ಬರ್ಬೋದು" ಅಂತ ಕುಣಿದಳು. ನಾನು ನಕ್ಕೆ. ಅಲ್ಲ ಪುಟ್ಟಾ ಅನ್ನಲು ನನ್ನಿಂದ ಆಗಲಿಲ್ಲ, ಆಗುವುದೂ ಇಲ್ಲ. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ನೀನು ಹೇಳು. ದೊಡ್ಡಮ್ಮ ಉಳಿದದ್ದು ಫೇಲಾಗಿ ಅಲ್ಲ. ಕಲಿಸಿದವಳ ತಪ್ಪೂ ಇಲ್ಲ. ಇದನ್ನು ಅವಳಿಗೆ ಹೇಳದೆ ವಿಮಾನ ಹತ್ತಿಸಿದರೆ ನಾನು ನಿನ್ನನ್ನು ಯಾವ ಭಾಷೆಯಲ್ಲೂ ಕ್ಷಮಿಸುವುದಿಲ್ಲ.

ಲಕೋಟೆಯಲ್ಲಿ ಒಂದು ಸುರುಳಿ ಇದೆ. ನಿನ್ನ ಹಸಿರು ಪಟ್ಟಿಯನ್ನು ಇವತ್ತು ಬೆಳಿಗ್ಗೆ ಕಿತ್ತೆ. ನಡುವೆಲ್ಲ ಸವೆದಿತ್ತು, ಅಂಟು ಹೋಗಿತ್ತು. ಅದರ ಅಳತೆಗೇ ಹಸಿರು ಬಟ್ಟೆಯಲ್ಲಿ ಹೊಸ ಪಟ್ಟಿ ಹೊಲಿದಿದ್ದೇನೆ. ನಿನ್ನ ಎರಡು ರೂಮಿನಲ್ಲಿ ಒಂದರ ಬಾಗಿಲಿಗೆ ಇದನ್ನು ಗೋಂದು ಹಚ್ಚಿ ಅಂಟಿಸು. ಅದನ್ನು ದಾಟಿದರೆ ಒಳಗೆ ನಮ್ಮ ಮಾತು ಮಾತ್ರ. ಯಾವ ರೂಮು ಅಂತ ನಾನು ಹೇಳುವುದಿಲ್ಲ. ಬಚ್ಚಲು ಮಾತ್ರ ಬೇಡ.

ಅಂಟಿಸಿದೆ ಅಕ್ಕಾ ಅಂತ ನೀನು ಬರೆದರೆ ನಾನು ನಂಬುವವಳಲ್ಲ. ಗುಂಡನನ್ನು ಕೇಳುತ್ತೇನೆ. ಭಾನುವಾರ ಫೋನು ಅವನ ಕೈಗೇ ಕೊಡು. ಇನ್ನು ಮೇಲೆ ಅವನಿಗೆ ಫೋನಮ್ಮ ನಾನೇ.

ನಿನ್ನ ಅಕ್ಕ